ಕೋಲಾರದ ಬೋರ್‌ವೆಲ್‌ನಲ್ಲಿ ಮೀಥೇನ್ ಹೈಡ್ರೇಟ್ ಕಟ್ಟುತ್ತದೆಯೇ? ಸಮುದ್ರದ ಬಾವಿಗಳಲ್ಲಿ ಅದನ್ನು ತಡೆಯುವುದು ಹೇಗೆ?

ಮುಳಬಾಗಿಲಿನ ನಿಮ್ಮ ತೋಟದ 1,500 ಅಡಿ ಬೋರ್‌ವೆಲ್‌ನ ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬರುತ್ತದೆ, ಮೋಟಾರ್ ಹಾಕಿದಾಗ ನೀರು ಕೆಲವೊಮ್ಮೆ ಬೆಳ್ಳಗೆ ಬೀಳುತ್ತದೆ ಎಂದು ಬರೆದಿದ್ದೀರಿ. ಕಾಕಿನಾಡದ ಆಚೆ ಸಮುದ್ರದ ರಿಗ್‌ನಲ್ಲಿ ಕೆಲಸಕ್ಕೆ ಸೇರಿರುವ ನಿಮ್ಮ ತಮ್ಮ ಮೀಥೇನ್ ಹೈಡ್ರೇಟ್ (ಮೀಥೇನ್ ಅನಿಲ ಮತ್ತು ನೀರು ಸೇರಿ ಕಟ್ಟುವ ಹಿಮದಂಥ ಗಟ್ಟಿ ವಸ್ತು) ವಿಚಾರ ಹೇಳಿದ ಮೇಲೆ, ಇದೂ ಅದೇ ಇರಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ಚಿಂತಾಮಣಿ ಕಡೆಯವನು. ಬಂಗಾಳ ಕೊಲ್ಲಿಯ ಆಳದ ಬಾವಿಗಳಲ್ಲಿ ಮಡ್ ಎಂಜಿನಿಯರ್ ಆಗಿ, ಅಂದರೆ ಕೊರೆಯುವಾಗ ಬಾವಿಯೊಳಗೆ ಹರಿಸುವ ಮಡ್ ಎಂಬ ದ್ರವವನ್ನು ನೋಡಿಕೊಳ್ಳುವವನಾಗಿ ದುಡಿದವನು. ಎರಡೂ ಬಗೆಯ ಬಾವಿಗಳನ್ನು ಹತ್ತಿರದಿಂದ ಬಲ್ಲೆನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ನಿಮ್ಮ ಬೋರ್‌ವೆಲ್. ಅದರಲ್ಲಿ ಹೈಡ್ರೇಟ್ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ನಮ್ಮ ಕಡೆ ನೀರಿನ ಮಟ್ಟ ನೂರಾರು ಅಡಿ ಕೆಳಗಿರುವುದರಿಂದ ಪೈಪಿನೊಳಗೆ ಉದ್ದನೆಯ ಗಾಳಿಯ ಕಂಬವೇ ನಿಂತಿರುತ್ತದೆ. ಹೊರಗಿನ ವಾಯುಭಾರ ಏರಿಳಿದಂತೆ, ಒಳಗಿನ ನೀರಿನ ಮಟ್ಟ ಬದಲಾದಂತೆ, ಆ ಗಾಳಿ ಹೊರಗೂ ಒಳಗೂ ಹೋಗಿ ಬರುತ್ತದೆ. ಬೆಳ್ಳಗಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಒಂದೆರಡು ನಿಮಿಷದಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಬರಿಯ ಗಾಳಿಗುಳ್ಳೆ. ಆದರೆ ಯಾವ ಗಾಳಿ ಎಂದು ಪರೀಕ್ಷಿಸಲು ಪೈಪಿನ ಬಾಯಿಗೆ ಬೆಂಕಿಕಡ್ಡಿ ಹಿಡಿಯುವ ಕೆಲಸವನ್ನು ಮಾತ್ರ ಯಾವತ್ತೂ ಮಾಡಬೇಡಿ.

ಹೈಡ್ರೇಟ್ ಕಟ್ಟಲು ಮೀಥೇನ್, ನೀರು, ತಂಪು, ಒತ್ತಡ ಈ ನಾಲ್ಕೂ ಒಂದೇ ಜಾಗದಲ್ಲಿ ಸೇರಬೇಕು. ನಮ್ಮ ಅಡಿಯಲ್ಲಿರುವುದು ಗ್ರಾನೈಟು ಮತ್ತು ನೈಸ್ ಬಂಡೆ. ಮೀಥೇನ್ ಹುಟ್ಟಿಸುವ ಜೈವಿಕ ಕೆಸರಿನ ಪದರ ಅಲ್ಲಿಲ್ಲ. ಒಂದು ವೇಳೆ ಇದ್ದರೂ 27 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಅದು ಗಟ್ಟಿಯಾಗಲು 500 ಬಾರ್‌ಗಿಂತ ಹೆಚ್ಚಿನ ಒತ್ತಡ ಬೇಕು. ಅಂದರೆ ಐದು ಕಿಲೋಮೀಟರಿಗೂ ಎತ್ತರದ ನೀರಿನ ಕಂಬ. ನಿಮ್ಮ ಬಾವಿ ಬಾಯಿತನಕ ತುಂಬಿದರೂ ತಳದಲ್ಲಿ ಸಿಗುವುದು ಸುಮಾರು 45 ಬಾರ್. ಇನ್ನೂ ಆಳಕ್ಕೆ ಹೋದರೆ ಸಿಗುವುದು ತಂಪಲ್ಲ, ಕಾವು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಅಲ್ಲಿ ದುಡಿದ ಹಿರಿಯರು ನಿಮ್ಮ ಊರಿನ ಸುತ್ತಮುತ್ತಲೇ ಸಿಕ್ಕಾರು, ಕೇಳಿ ನೋಡಿ.

ಸಮುದ್ರದಲ್ಲಿ ಲೆಕ್ಕ ತಿರುಗುಮುರುಗು. ಮೇಲ್ಮೈ ನೀರು 28 ಡಿಗ್ರಿ ಇದ್ದರೂ 1,500 ಮೀಟರ್ ಕೆಳಗೆ, ಸಮುದ್ರದ ತಳದಲ್ಲಿ, ಅದು ಸುಮಾರು 4 ಡಿಗ್ರಿ. ಒತ್ತಡವೋ 150 ಬಾರ್. 4 ಡಿಗ್ರಿಯಲ್ಲಿ ಮೀಥೇನ್ ಹೈಡ್ರೇಟ್ ಆಗಲು 40 ಬಾರ್ ಸಾಕು, 10 ಡಿಗ್ರಿಯಲ್ಲಿ 70 ಬಾರ್ ಸಾಕು. ನೀರಿನ ಅಣುಗಳು ಪಂಜರದಂತೆ ಜೋಡಿಸಿಕೊಂಡು ಒಳಗೆ ಅನಿಲದ ಅಣುವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಣ್ಣಿಗೆ ಕಾಣುವುದು ಆಲಿಕಲ್ಲು ಮಳೆ ನಿಂತ ಮೇಲೆ ದ್ರಾಕ್ಷಿ ತೋಟದ ಬುಡದಲ್ಲಿ ಒತ್ತಿಕೊಂಡು ಬಿದ್ದಿರುವ ಮಂಜಿನ ರಾಶಿಯ ಹಾಗೆ. ಆದರೆ ಅದರ ಒಂದು ಘನ ಮೀಟರ್ ಕರಗಿದರೆ 160ಕ್ಕೂ ಹೆಚ್ಚು ಘನ ಮೀಟರ್ ಅನಿಲ ಹೊರಬರುತ್ತದೆ. ಅನಿಲದ ಪೈಪುಗಳನ್ನು ಕಟ್ಟಿಹಾಕುತ್ತಿರುವುದು ನೀರಿನ ಹಿಮವಲ್ಲ, ಈ ವಸ್ತು ಎಂದು 1934ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಹ್ಯಾಮರ್‌ಸ್ಮಿಟ್.

ಕೃಷ್ಣಾ-ಗೋದಾವರಿ ಪ್ರದೇಶದ ಸಮುದ್ರದಡಿಯ ಜೇಡಿಯಲ್ಲಿ ನೈಸರ್ಗಿಕವಾಗಿ ಕೂತ ಹೈಡ್ರೇಟ್ ಬೇರೆ. 2006ರಲ್ಲಿ ಜಾಯ್ಡೀಸ್ ರೆಸಲ್ಯೂಶನ್ ಹಡಗು ಅದನ್ನು ಕೊರೆದು ಮೇಲೆ ತಂದಿತ್ತು. ಆ ಪದರವನ್ನು ದಾಟಿ ಕೊರೆಯುವಾಗ ಅದು ಕರಗದಂತೆ ಮಡ್ಡನ್ನು ತಣ್ಣಗಿಡಬೇಕು, ಗಟ್ಟಿಯಾಗುವಾಗ ಕಡಿಮೆ ಶಾಖ ಹೊಮ್ಮಿಸುವ ಸಿಮೆಂಟ್ ಬಳಸಬೇಕು. ನಿಮ್ಮ ತಮ್ಮ ಹೇಳಿದ್ದು ಇದಲ್ಲ, ಬಾವಿಯ ಸಲಕರಣೆಯೊಳಗೇ ಹೊಸದಾಗಿ ಕಟ್ಟಿಕೊಳ್ಳುವ ಹೈಡ್ರೇಟ್. ಎಲ್ಲಕ್ಕಿಂತ ಭಯ ಹುಟ್ಟಿಸುವುದು ಅದೇ.

ಕೊರೆಯುತ್ತಿರುವಾಗ ಅದರ ಕಾಟ ಕಡಿಮೆ. ಕೆಳಗಿನಿಂದ ಬಿಸಿ ಹೊತ್ತುಕೊಂಡು ಬರುವ ಮಡ್ ಸದಾ ಹರಿಯುತ್ತಿರುತ್ತದೆ. ಬಾವಿಗೆ ಅನಿಲ ನುಗ್ಗಿದಾಗ, ಅಂದರೆ ಕಿಕ್ ಬಂದಾಗ, ಸಮುದ್ರತಳದಲ್ಲಿ ಬಾವಿಯ ಬಾಯಿಗೆ ಕೂತಿರುವ ಬಿಒಪಿ (ಬ್ಲೋಔಟ್ ಪ್ರಿವೆಂಟರ್) ಕವಾಟಗಳನ್ನು ಮುಚ್ಚಿ ಪಂಪ್ ನಿಲ್ಲಿಸುತ್ತಾರೆ. ಆಗ ಮಡ್ ನಿಂತಲ್ಲೇ ತಣ್ಣಗಾಗುತ್ತಾ ಗಂಟೆಗಳು ಕಳೆದಂತೆ ಸುತ್ತಲಿನ ಸಮುದ್ರದ 4 ಡಿಗ್ರಿಗೆ ಇಳಿಯುತ್ತದೆ. ಅನಿಲ ಅಲ್ಲೇ ಇದೆ, ನೀರು ಅಲ್ಲೇ ಇದೆ, ಒತ್ತಡವಂತೂ ಏರಿದೆ. ಬಾವಿಯನ್ನು ಹತೋಟಿಗೆ ತರಲು ಬೇಕಾದ ಚೋಕ್ ಲೈನು (ಅನಿಲವನ್ನು ಹತೋಟಿಯಲ್ಲಿ ಹೊರಬಿಡುವ ಪೈಪು), ಕಿಲ್ ಲೈನು (ಭಾರದ ಮಡ್ಡನ್ನು ಒಳಗೆ ತಳ್ಳುವ ಪೈಪು) ಇವೇ ಮೊದಲು ಕಟ್ಟಿಕೊಳ್ಳುತ್ತವೆ. ಬಿಒಪಿ ಒಳಗೆ ಕಟ್ಟಿಕೊಂಡರೆ ಮುಚ್ಚಿದ ಕವಾಟ ತೆರೆಯುವುದಿಲ್ಲ, ತೆರೆದದ್ದು ಮುಚ್ಚುವುದಿಲ್ಲ. ಆದ್ದರಿಂದ ತಡೆಯುವ ಕೆಲಸವೆಲ್ಲ ಪಂಪ್ ನಿಲ್ಲುವುದಕ್ಕೆ ಮೊದಲೇ ಮುಗಿದಿರಬೇಕು. ಕಿಕ್ ಬಂದ ಮೇಲೆ ಉಪ್ಪು ಹುಡುಕುತ್ತಾ ಹೋಗುವುದಕ್ಕೆ ವೇಳೆ ಇರುವುದಿಲ್ಲ.

ಹೌದು, ಉಪ್ಪು. ನೀರಿನ ಮಡ್ಡಿನಲ್ಲಿ ತೂಕದ ಲೆಕ್ಕದಲ್ಲಿ ಶೇ 20ರಷ್ಟು ಅಡುಗೆ ಉಪ್ಪನ್ನೇ ಕರಗಿಸಿದರೆ ಹೈಡ್ರೇಟ್ ಕಟ್ಟುವ ತಾಪಮಾನ ಸುಮಾರು 10 ಡಿಗ್ರಿ ಕೆಳಗೆ ಸರಿಯುತ್ತದೆ. ಈಗ ಲೆಕ್ಕ ಹಾಕಿ: 150 ಬಾರ್ ಒತ್ತಡದಲ್ಲಿ ಸಿಹಿನೀರಿನೊಳಗೆ ಹೈಡ್ರೇಟ್ ಸುಮಾರು 16 ಡಿಗ್ರಿಯಲ್ಲೇ ಶುರುವಾಗುತ್ತದೆ, ತಳದ ನೀರು 4 ಡಿಗ್ರಿ. ನಡುವಿನ ಅಂತರ 12. ಉಪ್ಪು ಕೊಟ್ಟದ್ದು 10. ಕೊರತೆ ಉಳಿಯಿತು. ಮುಚ್ಚಿದ ಬಾವಿಯಲ್ಲಿ ಒತ್ತಡ ಇನ್ನೂ ಹೆಚ್ಚಿದರೆ ಅಥವಾ ಅನಿಲದಲ್ಲಿ ಪ್ರೊಪೇನ್ ಬೆರೆತಿದ್ದರೆ ಕೊರತೆಯೂ ಹೆಚ್ಚುತ್ತದೆ. ಹಾಗೆಂದು ಉಪ್ಪನ್ನು ಬೇಕಾದಷ್ಟು ಸುರಿಯುವಂತಿಲ್ಲ. ಉಪ್ಪು ಹೆಚ್ಚಿದಷ್ಟೂ ಮಡ್ ಭಾರವಾಗುತ್ತದೆ. ಸಮುದ್ರತಳದ ಸಡಿಲ ಜೇಡಿ ಆ ಭಾರ ತಾಳದೆ ಸೀಳಿದರೆ ಮಡ್ ಅಲ್ಲೇ ಸೋರಿಹೋಗುತ್ತದೆ. ಉಳಿದ ಅಂತರವನ್ನು ಗ್ಲೈಕಾಲ್ ಎಂಬ, ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ ಬೆರೆಸಿ ತುಂಬುತ್ತಾರೆ. ಬಹಳ ಆಳದ ನೀರಿನಲ್ಲಿ ಸಿಂಥೆಟಿಕ್ ಎಣ್ಣೆಯ ಮಡ್ಡಿಗೇ ಹೋಗುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಆದರೂ ಅದರೊಳಗೆ ಹನಿಹನಿಯಾಗಿ ನೀರಿರುತ್ತದೆ. ಆ ನೀರಿನ ಉಪ್ಪನ್ನು ಕಾಯುವುದು ತಪ್ಪುವುದಿಲ್ಲ. ಬಾವಿಯನ್ನು ತುಂಬಾ ಹೊತ್ತು ನಿಲ್ಲಿಸಬೇಕಾದರೆ ಚೋಕ್, ಕಿಲ್ ಲೈನುಗಳಲ್ಲಿ ಗ್ಲೈಕಾಲ್ ತುಂಬಿಸಿ ಬಿಡುತ್ತಾರೆ. ಮೆಥನಾಲ್ ಇನ್ನೂ ಪರಿಣಾಮಕಾರಿ, ಆದರೆ ವಿಷ, ಬೆಂಕಿಗೂ ಹತ್ತಿರ.

ನಿಮ್ಮ ತಮ್ಮ ಕಲಿಯಬೇಕಾದ ಮೊದಲ ಕೈಕೆಲಸ ಕ್ಲೋರೈಡ್ ಪರೀಕ್ಷೆ. ಮಡ್ಡನ್ನು ಸೋಸಿ ತೆಗೆದ ಒಂದು ಮಿಲಿಲೀಟರ್ ತಿಳಿಯನ್ನು ಬಿಳಿ ಬಟ್ಟಲಿಗೆ ಹಾಕಿ, ಶುದ್ಧ ನೀರು ಬೆರೆಸಿ, ಪೊಟ್ಯಾಸಿಯಂ ಕ್ರೋಮೇಟಿನ ಕೆಲವು ಹನಿ ಬಿಡಬೇಕು. ಹಳದಿ ಬಣ್ಣ ಬರುತ್ತದೆ. ಆಮೇಲೆ ಕಲಕುತ್ತಾ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಇಳಿಸಬೇಕು. ಹನಿ ಬಿದ್ದಲ್ಲಿ ಕೆಂಪು ಮೂಡಿ ಮಾಯವಾಗುತ್ತದೆ, ಮತ್ತೆ ಮೂಡುತ್ತದೆ, ಮತ್ತೆ ಮಾಯವಾಗುತ್ತದೆ. ಇಡೀ ಬಟ್ಟಲು ಕಿತ್ತಳೆಗೆಂಪಾಗಿ ಅರ್ಧ ನಿಮಿಷ ಹಾಗೆಯೇ ನಿಂತಾಗ ಎಷ್ಟು ನೈಟ್ರೇಟ್ ಹೋಯಿತೆಂದು ನೋಡಿದರೆ ಉಪ್ಪಿನ ಪ್ರಮಾಣ ಗೊತ್ತಾಗುತ್ತದೆ. ಡೆಕ್ಕಿನಲ್ಲಿ ಯಾರೋ ತೊಳೆದ ನೀರು ಮಡ್ ತೊಟ್ಟಿಗೆ ಸೇರಿದರೂ ಈ ಅಂಕಿ ಜಾರುತ್ತದೆ. ಹಿಂದಿನ ಪಾಳಿಯವರು ಬರೆದಿಟ್ಟ ಸಂಖ್ಯೆಯನ್ನು ನಕಲು ಮಾಡದೆ ಪ್ರತಿ ಸಲ ತಾನೇ ಪರೀಕ್ಷಿಸಲಿ.

ಹೈಡ್ರೇಟ್ ಎಷ್ಟು ಬೇಗ ಕಟ್ಟಿಕೊಳ್ಳಬಹುದು ಎಂಬುದಕ್ಕೆ 2010ರ ಮೇ ತಿಂಗಳು ಸಾಕ್ಷಿ. ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟದ ದುರಂತದ ನಂತರ, ಎಣ್ಣೆ ಸೋರುತ್ತಿದ್ದ ಮುರಿದ ಪೈಪಿನ ಬಾಯಿಯ ಮೇಲೆ 1,500 ಮೀಟರ್ ಆಳದಲ್ಲಿ ಭಾರಿ ಉಕ್ಕಿನ ಗುಮ್ಮಟವನ್ನು ಇಳಿಸಿದರು. ಒಳಗೆ ಹೈಡ್ರೇಟ್ ತುಂಬಿ ಎಣ್ಣೆ ಹೋಗುವ ದಾರಿ ಮುಚ್ಚಿತು. ನೀರಿಗಿಂತ ಹಗುರವಾದ ಆ ರಾಶಿ ಗುಮ್ಮಟವನ್ನೇ ಮೇಲಕ್ಕೆತ್ತತೊಡಗಿತು. ಕೊನೆಗೆ ಅದನ್ನು ಪಕ್ಕಕ್ಕೆ ಸರಿಸಿ ಇಡಬೇಕಾಯಿತು.

ಒಮ್ಮೆ ಕಟ್ಟಿಕೊಂಡ ಮೇಲೆ ಬಿಡಿಸಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಬಿಸಿ ಮಾಡಿ ಕರಗಿಸೋಣ ಎಂದು ಮುಚ್ಚಿದ ಪೈಪಿನ ನಡುಭಾಗವನ್ನು ಕಾಯಿಸಿದರೆ, ಬಿಡುಗಡೆಯಾದ ಅನಿಲಕ್ಕೆ ಹೋಗಲು ಜಾಗವಿಲ್ಲದೆ ಪೈಪೇ ಸಿಡಿಯಬಹುದು. ಒಂದೇ ಕಡೆಯ ಒತ್ತಡ ಇಳಿಸಿದರೆ, ಅಂಚು ಸಡಿಲವಾದ ಗಟ್ಟಿ ಬಿರಡೆ ಇನ್ನೊಂದು ಕಡೆಯ ಒತ್ತಡಕ್ಕೆ ಗುಂಡಿನಂತೆ ಹಾರುತ್ತದೆ. ಬಾಗಿದ ಜಾಗದಲ್ಲಿ ಬಡಿದು ಪೈಪನ್ನು ಒಡೆದು ಹೊರಬಂದ ಉದಾಹರಣೆಗಳಿವೆ, ಅದರಿಂದ ಪ್ರಾಣ ಹೋದದ್ದೂ ಇದೆ. ಎರಡೂ ಕಡೆಯ ಒತ್ತಡವನ್ನು ಸಮನಾಗಿ, ನಿಧಾನವಾಗಿ ಇಳಿಸುವುದೇ ಕ್ರಮ. ಆ ಕೆಲಸ ನಡೆಯುತ್ತಿರುವಾಗ ಡೆಕ್ಕಿನ ಮೇಲೆ ಆ ಲೈನಿನ ನೇರಕ್ಕಾಗಲಿ ಅದರ ಬಾಗಿನ ಎದುರಿಗಾಗಲಿ ನಿಲ್ಲಬಾರದೆಂದು ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ.