ರೂಟರ್‌ಗೆ ಸ್ಟ್ಯಾಟಿಕ್ ರೂಟ್ (ಕೈಯಾರೆ ಬರೆಯುವ ದಾರಿ) ಕೊಡುವಾಗ ಗೇಟ್‌ವೇ (ಆಚೆ ಕಡೆಯ ರೂಟರ್) ಐಪಿ ಬರೆಯಲೇಬೇಕಾ, ಇಂಟರ್‌ಫೇಸ್ (ಪೋರ್ಟ್) ಹೆಸರು ಸಾಕಾಗಲ್ವಾ?

ಸಾಕು ಅಂತಲೇ ನಾನೂ ಅಂದುಕೊಂಡಿದ್ದೆ. ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿಗೆ ಸಿಸ್ಕೋ ರೂಟರ್ ಹಾಕಿ, ಕನ್ಸೋಲ್ ಕೇಬಲ್ ಚುಚ್ಚಿ, 'ಐಪಿ ರೂಟ್ 0.0.0.0 0.0.0.0 ಗಿಗಾಬಿಟ್‌ಈಥರ್ನೆಟ್ 0/1' ಎಂದು ಹೊಡೆದೆ. ಯಾವ ವಿಳಾಸಕ್ಕಾದರೂ ಈ ಪೋರ್ಟಿನಿಂದಲೇ ಕಳಿಸು ಅಂತ ಅರ್ಥ. ನೆಟ್ ಬಂತು. ಚಹಾ ಕುಡಿದು ಬೆಂಗಳೂರು ಬಸ್ ಹತ್ತಿದೆ.

ಐದು ತಿಂಗಳು ಯಾವ ತಕರಾರೂ ಇಲ್ಲ. ಆಮೇಲೆ ಒಂದು ಬೆಳಗ್ಗೆ ಫೋನ್: "ಸರ್, ಮೇಲ್ ಬರ್ತಿದೆ, ಆದ್ರೆ ಹೊಸದಾಗಿ ಯಾವ ಸೈಟೂ ತೆರೀತಿಲ್ಲ." ಬೆಂಗಳೂರಿನಿಂದಲೇ ರೂಟರ್ ಒಳಗೆ ಲಾಗಿನ್ ಆಗಿ ನೋಡಿದರೆ ಗೇಟ್‌ವೇಗೆ ಪಿಂಗ್ ಹೋಗುತ್ತಿದೆ. ಸೈಟಿನ ಹೆಸರು ಕೊಟ್ಟರೆ ಐಪಿಯೂ ಸಿಗುತ್ತಿದೆ. ಸುಮ್ನೆ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆ) ಮೇಲೆ ಅನುಮಾನಪಟ್ಟು ಒಂದೂವರೆ ಗಂಟೆ ಹಾಳು ಮಾಡಿದೆ. ಕೊನೆಗೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಅಂದೆ. ಬದುಕಿದ್ದ ಮೇಲ್ ಕೂಡ ಸತ್ತಿತು. ನಾನೂ ಹೊರಗಾದೆ.

ಆಗಿದ್ದು ಇಷ್ಟು. ಗೇಟ್‌ವೇ ಐಪಿ ಬರೆದಿದ್ದರೆ ರೂಟರ್ ಎಆರ್‌ಪಿಯಲ್ಲಿ (ಐಪಿ ಹೇಳಿ ಮ್ಯಾಕ್ ಕೇಳುವ ವಿಧಾನ) ಆ ಒಬ್ಬನ ಮ್ಯಾಕ್ ವಿಳಾಸ (ಹಾರ್ಡ್‌ವೇರ್ ವಿಳಾಸ) ಮಾತ್ರ ಕೇಳುತ್ತದೆ. ಬರೀ ಇಂಟರ್‌ಫೇಸ್ ಕೊಟ್ಟರೆ, ಇಡೀ ಇಂಟರ್ನೆಟ್ಟೇ ಆ ಕೇಬಲ್ಲಿನ ತುದಿಯಲ್ಲಿ ಕೂತಿದೆ ಅಂತ ನಂಬಿಬಿಡುತ್ತದೆ. ಒಂದೊಂದು ಸೈಟಿನ ಐಪಿ ಹಿಡಿದು "ಇದು ಯಾರದು?" ಎಂದು ಕೂಗುತ್ತದೆ. ಆಚೆ ಕಡೆಯ ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಆನ್ ಇದ್ದರೆ ಅದು ಎಲ್ಲದಕ್ಕೂ "ನಂದೇ, ಇತ್ತ ಕಳಿಸು" ಅನ್ನುತ್ತದೆ. ಐದು ತಿಂಗಳು ನಾವು ಅದರ ದಯೆಯಲ್ಲಿ ಬದುಕಿದ್ದೆವು. ಅಂದು ನಸುಕಿನಲ್ಲಿ ಲೈನ್ ಕೊಟ್ಟವರು ಅದನ್ನು ಆಫ್ ಮಾಡಿದ್ದರು. ಅವರ ತಪ್ಪೇನಿಲ್ಲ, ಆಫ್ ಇರುವುದೇ ಒಳ್ಳೆಯದು. ಸಿಸ್ಕೋದಲ್ಲಿ ಎಆರ್‌ಪಿ ನಮೂದು (ಸಿಕ್ಕ ಉತ್ತರದ ದಾಖಲೆ) 4 ಗಂಟೆ ಉಳಿಯುತ್ತದೆ. ಹಾಗಾಗಿ ಹಳೇ ಸೈಟುಗಳು ಓಡುತ್ತಿದ್ದವು, ಹೊಸದಕ್ಕೆ ಉತ್ತರ ಕೊಡುವವರಿರಲಿಲ್ಲ. ಉಳಿದಿದ್ದ ಆ ಪಟ್ಟಿಯನ್ನೂ ರೀಸ್ಟಾರ್ಟ್ ಮಾಡಿಸಿ ನಾನೇ ಅಳಿಸಿದೆ.

ಒಂದು ಸಾಲು ತಿದ್ದಲು 400 ಕಿಲೋಮೀಟರಿಗೂ ಜಾಸ್ತಿ ಪ್ರಯಾಣ. 'ಶೋ ಐಪಿ ಎಆರ್‌ಪಿ' ಹೊಡೆದರೆ ಸಾಲುಸಾಲು ಇನ್‌ಕಂಪ್ಲೀಟ್, ಅಂದರೆ ಉತ್ತರವೇ ಬಂದಿಲ್ಲ. 'ಶೋ ಐಪಿ ರೂಟ್' ಮೊದಲೇ ಹೇಳುತ್ತಿತ್ತು: ಗೇಟ್‌ವೇ ಆಫ್ ಲಾಸ್ಟ್ ರಿಸಾರ್ಟ್ 0.0.0.0 ಅಂತ. ಗೇಟ್‌ವೇ ಐಪಿಯೇ ಕೊಟ್ಟಿಲ್ಲ ಅಂತ ಅರ್ಥ. ನಾನು ಓದಿರಲಿಲ್ಲ, ಅಷ್ಟೇ.

ಹಾಗಾಗಿ "ಯಾವುದು ಉತ್ತಮ" ಅನ್ನುವ ಪ್ರಶ್ನೆಯೇ ಇಲ್ಲ. ಎರಡೇ ತುದಿ ಇರುವ ಸೀರಿಯಲ್ ಲೈನಿಗೆ ಇಂಟರ್‌ಫೇಸ್ ಸಾಕು. ಈಥರ್ನೆಟ್ ಆದರೆ ಗೇಟ್‌ವೇ ಐಪಿ ಬೇಕೇ ಬೇಕು. ನಾನು ಈಗ ಎರಡೂ ಬರೆಯುತ್ತೇನೆ: 'ಐಪಿ ರೂಟ್ 0.0.0.0 0.0.0.0 ಗಿಗಾಬಿಟ್‌ಈಥರ್ನೆಟ್ 0/1 203.0.113.1'. ಕೊನೆಯ ಐಪಿ ಉದಾಹರಣೆಗೆ, ನಿಮ್ಮದನ್ನು ಹಾಕಿಕೊಳ್ಳಿ. ಹೊಸ ಸಾಲು ಹಾಕಿದ ಮೇಲೆ ಹಳೆಯದನ್ನು 'ನೋ' ಸೇರಿಸಿ ತೆಗೆಯಿರಿ. ಬಿಟ್ಟರೆ ಎರಡೂ ಸಮಾನವಾಗಿ ಕೂತು, ಒಂದಿಷ್ಟು ಟ್ರಾಫಿಕ್ ಹಳೇ ದಾರಿಯಲ್ಲೇ ಹೋಗಿ ಸಾಯುತ್ತದೆ.

ದೂರದಿಂದ ಮಾಡುತ್ತಿದ್ದೀರಾ? ಮೊದಲು 'ರೀಲೋಡ್ ಇನ್ 10' ಕೊಡಿ, ಸೇವ್ ಮಾಡಬೇಡಿ. ಕೈತಪ್ಪಿದರೆ ಹತ್ತು ನಿಮಿಷಕ್ಕೆ ರೂಟರ್ ತಾನೇ ರೀಸ್ಟಾರ್ಟ್ ಆಗಿ ಹಳೇ ಕಾನ್ಫಿಗ್ ವಾಪಸ್. ಎಲ್ಲ ಸರಿಯಾದರೆ 'ರೀಲೋಡ್ ಕ್ಯಾನ್ಸಲ್', ಆಮೇಲೆ ಸೇವ್ ಮಾಡಲು 'ರೈಟ್ ಮೆಮೊರಿ'. ಕ್ಯಾನ್ಸಲ್ ಕೊಡುವುದನ್ನೂ ನಾನು ಒಮ್ಮೆ ಮರೆತಿದ್ದೆ, ಅದು ಬೇರೆ ಆಫೀಸು.