ಹಳೇ ಮಡಕೆ ಚೂರು ಎಲ್ಲಿ ತಯಾರಾದದ್ದು ಅಂತ ಲ್ಯಾಬ್‌ನಲ್ಲಿ ಹೇಳಬಹುದಾ?

ಮೊಳಕಾಲ್ಮೂರು ಕಡೆ ನಿಮ್ಮ ಹೊಲ ಉತ್ತಾಗೆಲ್ಲ ಮಡಕೆ ಚೂರು ಸಿಗುತ್ತವೆ, ಲ್ಯಾಬಿಗೆ ಕೊಟ್ಟರೆ ಯಾವ ಊರಿನದು ಅಂತ ಗೊತ್ತಾಗುತ್ತಾ, ಮಣ್ಣು ಎಲ್ಲ ಕಡೆ ಮಣ್ಣೇ ಅಲ್ವಾ ಅಂತ ಕೇಳಿದ್ದೀರಿ. ಕೆಮಿಸ್ಟ್ರಿ ಓದು ಮುಗಿಸಿ ಎರಡು ವರ್ಷ ಇದೇ ಕೆಲಸದಲ್ಲಿ ಕೈಯಾಳಾಗಿದ್ದೆ. ಹಾಗಾಗಿ ಉತ್ತರಿಸುತ್ತಿದ್ದೇನೆ.

ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ಸಿಲಿಕಾ, ಅಲ್ಯೂಮಿನಾ, ಕಬ್ಬಿಣ ಎಲ್ಲ ಜೇಡಿಯಲ್ಲೂ ಜಾಸ್ತಿ ಇರುತ್ತವೆ. ಅವುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಾವು ಹುಡುಕುವುದು ಹತ್ತು ಲಕ್ಷಕ್ಕೆ ಕೆಲವೋ ಹತ್ತಾರೋ ಪಾಲು ಮಾತ್ರ ಇರುವಂಥವನ್ನು: ಸ್ಕ್ಯಾಂಡಿಯಂ, ಹಾಫ್ನಿಯಂ, ಥೋರಿಯಂ, ಲ್ಯಾಂಥನಂ. ಯಾವ ಬಂಡೆ ಸವೆದು ಆ ಕೆರೆಗೆ ಮಣ್ಣು ಬಂತು ಅನ್ನುವುದರ ಮೇಲೆ ಇವುಗಳ ಲೆಕ್ಕ ಬದಲಾಗುತ್ತದೆ. ಆವಿಗೆಯಲ್ಲಿ ಸುಟ್ಟರೂ ಇವು ಹೋಗುವುದಿಲ್ಲ.

ಇದೇನು ಹೊಸ ವಿದ್ಯೆಯಲ್ಲ. 1895ರಲ್ಲೇ ಥಿಯೋಡರ್ ರಿಚರ್ಡ್ಸ್ ಅನ್ನುವ ಅಮೆರಿಕದ ರಸಾಯನ ವಿಜ್ಞಾನಿ ಅಥೆನ್ಸ್‌ನ ಮಡಕೆಗಳಲ್ಲಿ ಏನೇನಿದೆ ಅಂತ ಪರೀಕ್ಷಿಸಿದ್ದರು. ಮುಂದೆ ನೊಬೆಲ್ ಬಂದದ್ದು ಅವರಿಗೇ, ಮಡಕೆಗಲ್ಲ ಬಿಡಿ. ಚಿಟಿಕೆ ಪುಡಿಯನ್ನು ರಿಯಾಕ್ಟರ್‌ನಲ್ಲಿಟ್ಟು ಅಳೆಯುವ ನ್ಯೂಟ್ರಾನ್ ವಿಧಾನ ಮಡಕೆಗೆ ಬಂದದ್ದು 1950ರ ದಶಕದಲ್ಲಿ. ನ್ಯೂಟ್ರಾನ್ ಬಿದ್ದ ಧಾತುಗಳು ಗಾಮಾ ಕಿರಣ ಬಿಡುತ್ತವೆ. ಒಂದೊಂದು ಧಾತುವಿನ ಕಿರಣಕ್ಕೂ ಅದರದ್ದೇ ಶಕ್ತಿ. ಅದನ್ನು ದಿನಗಟ್ಟಲೆ ಎಣಿಸುತ್ತಾ ಕೂರಬೇಕು.

ನಿಜವಾದ ತಲೆನೋವು ಪುಡಿ ಮಾಡುವುದರಲ್ಲಿದೆ. ಮೊದಲು ಚೂರಿನ ಮೇಲ್ಮೈ ಕೆರೆದು ತೆಗೆಯಬೇಕು. ಯಾಕೆಂದರೆ ಅಲ್ಲಿ ಸಾವಿರಾರು ವರ್ಷದ ಹೊಲದ ಮಣ್ಣು ಕೂತಿರುತ್ತದೆ. ಆಮೇಲೆ ಸಣ್ಣ ಡ್ರಿಲ್ ಬಿಟ್‌ನಿಂದ ಕೊರೆದು, ಬಿದ್ದ ಪುಡಿಯನ್ನು ಬಿಳಿ ಕಾಗದದ ಮೇಲೆ ಹಿಡಿಯಬೇಕು. ನೋಡಲು ಕುಂಕುಮದ ಹಾಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದಷ್ಟು ಚೂರುಗಳಲ್ಲಿ ಕೋಬಾಲ್ಟ್ ವಿಪರೀತ ಬಂತು. ಬೇರೆ ಕಡೆಯ ಮಣ್ಣೇ ಸಿಕ್ಕಿತು ಅಂತ ಕುಣಿದಾಡಿದೆ. ನಮ್ಮ ಮೇಡಂ ಒಂದೇ ಮಾತು ಕೇಳಿದರು: "ಯಾವ ಬಿಟ್ ಹಾಕಿದ್ದೆ?" ಟಂಗ್‌ಸ್ಟನ್ ಕಾರ್ಬೈಡ್ ಬಿಟ್ ಅದು. ಆ ಬಿಟ್‌ನಲ್ಲಿ ಅಂಟಿನ ಹಾಗೆ ಇರುವುದೇ ಕೋಬಾಲ್ಟ್. ಅಲ್ಲಿಗೆ ಆ ಚೂರುಗಳ ಕೋಬಾಲ್ಟ್ ಕಾಲಂ ಇಡೀ ಹೊಡೆದು ಹಾಕಿದೆವು.

ಈಗ ನಿಮ್ಮ ಊರಿನ ಕಡೆಗೇ ಬರೋಣ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ರೂಲೆಟೆಡ್ ವೇರ್ ಅನ್ನುವ ತಟ್ಟೆಯ ಚೂರುಗಳು ಸಿಕ್ಕವು. ತೆಳು, ನುಣುಪು, ಬೂದು ಇಲ್ಲವೇ ಕಪ್ಪು ಬಣ್ಣ. ಒಳಗಡೆ ತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರುಗಳ ಪಟ್ಟಿ. ಅದಕ್ಕೂ ಎರಡು ವರ್ಷ ಮುಂಚೆ ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಇಂಥದ್ದೇ ತಟ್ಟೆಯ ಜೊತೆ ಇಟಲಿಯ ಮಣ್ಣಿನ ಪಾತ್ರೆಗಳೂ ಅವರಿಗೆ ಸಿಕ್ಕಿದ್ದವು. ಇಟಲಿಯ ಪಾತ್ರೆಗಳ ಕಾಲ ಗೊತ್ತಿತ್ತು, ಅದನ್ನೇ ಹಿಡಿದು ಬ್ರಹ್ಮಗಿರಿಯ ಕಾಲವನ್ನೂ ಲೆಕ್ಕ ಹಾಕಿದರು. ಗೀರು ಹಾಕುವ ಈ ಕಲೆ ರೋಮನ್ನರ ಕಡೆಯಿಂದ ಬಂದದ್ದು ಅಂತ ಅವರ ಅಂದಾಜು.

ಆಮೇಲೆ ಇದೇ ತಟ್ಟೆ ಶ್ರೀಲಂಕಾದ ಅನುರಾಧಪುರದಲ್ಲಿ ಸಿಕ್ಕಿತು. ಬಾಲಿ ದ್ವೀಪದ ಸೆಂಬಿರಾನ್‌ನಲ್ಲೂ ಸಿಕ್ಕಿತು, ಅರಿಕಮೇಡುವಿನಿಂದ 4000 ಕಿ.ಮೀ.ಗೂ ಆಚೆ! ನೋಡಿ ನಕಲು ಮಾಡಿದ್ದೋ, ಹಡಗಿನಲ್ಲಿ ಹೋದದ್ದೋ? ಕಣ್ಣಳತೆಯಲ್ಲಿ ಹೇಳಲಾಗದು. ಇಲ್ಲೇ ಲ್ಯಾಬ್ ಬೇಕಾದದ್ದು. ಸೆಂಬಿರಾನ್, ಅನುರಾಧಪುರ, ಅರಿಕಮೇಡುಗಳ ಚೂರುಗಳನ್ನು ಪರೀಕ್ಷಿಸಿದಾಗ ಒಂದಕ್ಕೊಂದು ಹೊಂದಿದವು. ಅಂದರೆ ಹಡಗಿನಲ್ಲೇ ಹೋದದ್ದು. ಹಾಗಾದರೆ ಆ ಮಣ್ಣು ಎಲ್ಲಿಯದು? 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ್ ಗೋಗಟೆ ಬಂಗಾಳದ ಚಂದ್ರಕೇತುಗಢ, ತಮ್ಲುಕ್ ಸೀಮೆಯತ್ತ ಬೆರಳು ತೋರಿಸಿದರು. ಅವರದು ಖನಿಜಗಳನ್ನು ಗುರುತಿಸುವ ಎಕ್ಸ್-ರೇ ವಿಧಾನ. 2005ರಲ್ಲಿ ಬಂದ ರಾಸಾಯನಿಕ ಅಧ್ಯಯನವೂ ಎಲ್ಲಕ್ಕೂ ಮೂಲ ಒಂದೇ ಅಂದಿತು.

ಗಮನಿಸಿ, "ಒಂದೇ ಮೂಲ" ಅನ್ನುವುದು ಒಂದು ಮಾತು, "ಇಂಥ ಊರು" ಅನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಧೈರ್ಯವಾಗಿ ಹೇಳಬಹುದು. ಎರಡನೆಯದಕ್ಕೆ ಆ ಊರಿನ ಮಣ್ಣನ್ನೂ ತಂದು ತೂಗಿ ನೋಡಿರಬೇಕು. ದೊಡ್ಡ ನದಿಗಳ ಬಯಲಲ್ಲಂತೂ ಹತ್ತಾರು ಮೈಲಿ ಒಂದೇ ಥರದ ಮಣ್ಣು. ಜೊತೆಗೆ ಕುಂಬಾರರು ಸುಮ್ನೆ ಇರುತ್ತಾರಾ? ಎರಡು ಕೆರೆಯ ಮಣ್ಣು ಕಲಸುತ್ತಾರೆ, ಮರಳು ಹಾಕುತ್ತಾರೆ, ಬೂದಿ ಹಾಕುತ್ತಾರೆ. ಮರಳು ಜಾಸ್ತಿಯಾದರೆ ಬೇರೆ ಧಾತುಗಳ ಅಂಕಿ ಇಳಿಯುತ್ತದೆ. ನೆಲದ ನೀರಿನಿಂದ ಕ್ಯಾಲ್ಸಿಯಂ, ಬೇರಿಯಂ ಒಳಗೆ ಸೇರುತ್ತವೆ. ಪಿಸ್ತೂಲಿನ ಹಾಗಿರುವ ಎಕ್ಸ್-ರೇ ಯಂತ್ರ ಹಿಡಿದು ಒಂದು ನಿಮಿಷದಲ್ಲಿ ಊರು ಹೇಳುತ್ತೇವೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಅದು ಓದುವುದು ಮೇಲ್ಮೈಯನ್ನು ಮಾತ್ರ.

ನಿಮ್ಮ ಹೊಲದ ಚೂರುಗಳ ವಿಷಯ. ದಯವಿಟ್ಟು ಆಯ್ದು ಗೋಣಿಗೆ ತುಂಬಬೇಡಿ. ಎಲ್ಲಿ ಬಿದ್ದಿತ್ತು ಅನ್ನುವುದು ಗೊತ್ತಿಲ್ಲದ ಚೂರು ಕುಂಟಾಬಿಲ್ಲೆ ಆಡಲಿಕ್ಕಷ್ಟೇ ಸರಿ. ಇದ್ದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಪರೀಕ್ಷೆಗೆ ಒಂದು ಚೂರು ಸಾಲದು, ಹತ್ತಿಪ್ಪತ್ತಾದರೂ ಬೇಕು. ಅದಕ್ಕಿಂತ ಮೊದಲು ನಿಮ್ಮಿಂದ ಆಗುವ ಕೆಲಸ ಒಂದಿದೆ. ನಿಮ್ಮ ಸುತ್ತಮುತ್ತ ಹಳೇ ಕುಂಬಾರರ ಮನೆ ಇದ್ದರೆ ಹಿರಿಯರನ್ನು ಕೇಳಿ: ಯಾವ ಕೆರೆಯ, ಯಾವ ಮೂಲೆಯ ಮಣ್ಣು ತರುತ್ತಿದ್ದಿರಿ, ಅದಕ್ಕೆ ಏನು ಬೆರೆಸುತ್ತಿದ್ದಿರಿ ಅಂತ. ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಪರೀಕ್ಷೆಗೆ ಬಂದರೆ ಚೂರಿನ ಪಕ್ಕ ಇಡಲು ಅವರು ಮೊದಲು ಕೇಳುವುದು ಆ ಮಣ್ಣನ್ನೇ.