ಎಂಡೋಸ್ಕೋಪಿ ವೇಳೆ ಮಂಪರು: ಉಸಿರಿನ ಮೇಲೆ ಯಾರ ಕಣ್ಣಿದೆ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಸ್ಥೂಲ ಶರೀರದವರು, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆ. ಎರಡು ತಿಂಗಳಿಂದ ಊಟ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ ಎನ್ನುತ್ತಿದ್ದಾರೆ. ವೈದ್ಯರು ಮಂಪರು ಬರುವ ಇಂಜೆಕ್ಷನ್ ಕೊಟ್ಟು ಎಂಡೋಸ್ಕೋಪಿ ಮಾಡೋಣ ಎಂದಿದ್ದಾರೆ. ಅದರಿಂದ ಉಸಿರೇ ನಿಂತುಹೋಗಬಹುದೆಂದು ಬಂಧುಗಳು ಹೆದರಿಸಿದ ಮೇಲೆ ತಂದೆಯವರು ಪರೀಕ್ಷೆಯೇ ಬೇಡವೆಂದು ಕುಳಿತಿದ್ದಾರೆ. ಏನು ಮಾಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಪರೀಕ್ಷೆಯನ್ನು ದಯವಿಟ್ಟು ಮುಂದೂಡಬೇಡಿ. ಈ ವಯಸ್ಸಿನಲ್ಲಿ ನುಂಗಲು ತೊಂದರೆಯಾಗುತ್ತಿದೆ ಎಂದರೆ ಅನ್ನನಾಳದ ಒಳಗನ್ನು ಕಣ್ಣಾರೆ ನೋಡಲೇಬೇಕು. ಬಂಧುಗಳ ಹೆದರಿಕೆ ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕೆ ಪರಿಹಾರ ಪರೀಕ್ಷೆಯನ್ನು ಕೈಬಿಡುವುದಲ್ಲ. ಮಂಪರಿನಲ್ಲಿರುವಷ್ಟು ಹೊತ್ತೂ ಅವರ ಉಸಿರನ್ನು ಒಬ್ಬರು ಕಾಯುವಂತೆ ನೋಡಿಕೊಳ್ಳುವುದು.

ಮಂಪರಿನ ಔಷಧ ಎರಡು ರೀತಿಯಲ್ಲಿ ಉಸಿರಾಟಕ್ಕೆ ಅಡ್ಡಿಯಾಗಬಲ್ಲದು. ಮೊದಲನೆಯದಾಗಿ, ಉಸಿರಾಡುವಂತೆ ಮಿದುಳು ಕೊಡುವ ಪ್ರೇರಣೆ ಕುಗ್ಗುತ್ತದೆ. ಎರಡನೆಯದಾಗಿ, ಗಂಟಲಿನ ಸ್ನಾಯುಗಳು ಸಡಿಲಗೊಂಡು ನಾಲಿಗೆಯ ಬುಡ ಹಿಂದಕ್ಕೆ ಜಾರಿ ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ. ಗೊರಕೆ ಹೊಡೆಯುವವರಲ್ಲಿ ಆ ದಾರಿ ಮೊದಲೇ ಇಕ್ಕಟ್ಟು. ಮೈ ತೂಕ ಹೆಚ್ಚಿರುವವರು ಮಲಗಿದಾಗ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಸಂಗ್ರಹವೂ ಕಡಿಮೆಯಾಗುವುದರಿಂದ, ಉಸಿರು ಸ್ವಲ್ಪ ತಡೆದರೂ ರಕ್ತದಲ್ಲಿನ ಆಮ್ಲಜನಕ ಬೇಗನೆ ಇಳಿಯುತ್ತದೆ. ಇದರ ಮೇಲೆ, ಎಂಡೋಸ್ಕೋಪಿಯ ಕೊಳವೆ ಬಾಯಿಯಲ್ಲೇ ಇರುವುದರಿಂದ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಮಾಡುವ ಹಾಗೆ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿಯಲೂ ಆಗುವುದಿಲ್ಲ.

ಹಾಗಾದರೆ ಮಂಪರಿಲ್ಲದೆ ಮಾಡಿಸಬಹುದೇ? ಖಂಡಿತ ಕೇಳಿ ನೋಡಿ. ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆದು ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ ಮಾಡುವ ಎಂಡೋಸ್ಕೋಪಿ ನಮ್ಮ ಆಸ್ಪತ್ರೆಗಳಲ್ಲಿ ನಿತ್ಯ ನಡೆಯುತ್ತದೆ. ನೋಡುವುದಷ್ಟೇ ಆದರೆ ಸಾಮಾನ್ಯವಾಗಿ 5ರಿಂದ 10 ನಿಮಿಷ ಸಾಕು. ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆದರೆ ಉಸಿರು ಅವರದೇ ಹಿಡಿತದಲ್ಲಿರುತ್ತದೆ. ನಿಮ್ಮ ತಂದೆಯವರಂಥವರ ವಿಷಯದಲ್ಲಿ ಇದನ್ನು ಎರಡನೇ ದರ್ಜೆಯ ಆಯ್ಕೆ ಎಂದು ನಾನು ಭಾವಿಸುವುದಿಲ್ಲ. ಆದರೆ ಗಾಬರಿಯ ಸ್ವಭಾವದವರಾಗಿದ್ದರೆ ಪರೀಕ್ಷೆಯ ವೇಳೆ ರಕ್ತದೊತ್ತಡವೂ ಎದೆಬಡಿತವೂ ಏರುತ್ತವೆ. ಅನ್ನನಾಳವನ್ನು ಹಿಗ್ಗಿಸುವಂಥ ಚಿಕಿತ್ಸೆಯನ್ನೂ ಜೊತೆಗೇ ಮಾಡಬೇಕಾಗಿ ಬಂದರೆ ಮಂಪರು ಬೇಕಾಗಬಹುದು.

ಮಂಪರು ಕೊಡುವುದೇ ಆದರೆ ಯಾವ ಔಷಧ ಎಂಬುದನ್ನು ತಿಳಿದುಕೊಳ್ಳಿ. ಮಿಡಜೋಲಾಮ್ ಮತ್ತು ಫೆಂಟನಿಲ್ ಬಹಳ ಕಾಲದಿಂದ ಬಳಕೆಯಲ್ಲಿವೆ. ಅವುಗಳ ಪರಿಣಾಮ ಅತಿಯಾದರೆ ಅದನ್ನು ತಗ್ಗಿಸಲು ಫ್ಲೂಮಜೆನಿಲ್ ಮತ್ತು ನಾಲೊಕ್ಸೋನ್ ಎಂಬ ಪ್ರತ್ಯೌಷಧಗಳಿವೆ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಒಂದು ನಿಮಿಷದೊಳಗೆ ನಿದ್ದೆ ಬರಿಸುತ್ತದೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿದೂ ಹೋಗುತ್ತದೆ. ಆದರೆ ಅದಕ್ಕೆ ಪ್ರತ್ಯೌಷಧವಿಲ್ಲ, ಹಗುರ ಮಂಪರಿಗೂ ಆಳವಾದ ಪ್ರಜ್ಞಾಹೀನತೆಗೂ ನಡುವಿನ ಅಂತರ ಅದರಲ್ಲಿ ಬಹಳ ಕಿರಿದು. ವಯಸ್ಸಾದವರಲ್ಲಿ ರಕ್ತಸಂಚಾರ ನಿಧಾನವಾಗಿರುವುದರಿಂದ ಯಾವ ಔಷಧವಾದರೂ ತಡವಾಗಿ ಹತ್ತುತ್ತದೆ. ಪರಿಣಾಮ ಕಾಣಲಿಲ್ಲವೆಂದು ಆತುರಪಟ್ಟು ಮತ್ತೊಂದು ಡೋಸ್ ಕೊಟ್ಟರೆ ಎರಡೂ ಸೇರಿ ಹೆಚ್ಚಾಗುತ್ತವೆ. ಆದ್ದರಿಂದಲೇ ಅಂಥವರಿಗೆ ಸ್ವಲ್ಪಸ್ವಲ್ಪವಾಗಿ, ಕಾದು ನೋಡಿ ಕೊಡಬೇಕು.

ನೀವು ವೈದ್ಯರನ್ನು ಕೇಳಲೇಬೇಕಾದ ಮುಖ್ಯ ಪ್ರಶ್ನೆ ಇದು: ಪರೀಕ್ಷೆ ನಡೆಯುವಾಗ ಉಸಿರಾಟವನ್ನು ನೋಡಿಕೊಳ್ಳುವವರು ಯಾರು? ಎಂಡೋಸ್ಕೋಪಿ ಮಾಡುವವರ ಕಣ್ಣು ಪರದೆಯ ಮೇಲಿರುತ್ತದೆ, ಇರಬೇಕಾದದ್ದೂ ಅಲ್ಲೇ. ಆದ್ದರಿಂದ ಬೇರಾವ ಕೆಲಸವನ್ನೂ ವಹಿಸಿಕೊಳ್ಳದೆ ರೋಗಿಯ ತಲೆಯ ಬಳಿಯೇ ನಿಂತು ಉಸಿರನ್ನು ಗಮನಿಸುವ, ಅಗತ್ಯ ಬಿದ್ದರೆ ಗಾಳಿಯ ದಾರಿಯನ್ನು ತೆರೆಯಬಲ್ಲ ತರಬೇತಿ ಪಡೆದ ಒಬ್ಬರು ಬೇಕು. ಪ್ರೊಪೊಫಾಲ್ ಬಳಸುವುದಾದರೆ ನಿಮ್ಮ ತಂದೆಯವರಿಗೆ ಅರಿವಳಿಕೆ ತಜ್ಞರೇ ಇರಲಿ. ಆಮ್ಲಜನಕ, ಎಂಜಲು ಹೀರುವ ಸಕ್ಷನ್ ಯಂತ್ರ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಇವೆಲ್ಲ ಅದೇ ಕೋಣೆಯಲ್ಲಿವೆಯೇ ಎಂದು ಕೇಳಲು ಸಂಕೋಚ ಬೇಡ; ಒಳ್ಳೆಯ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಆಮ್ಲಜನಕ ಇಳಿದರೂ ಬಹುಪಾಲು ಸಲ ರೋಗಿಯನ್ನು ಕೂಗಿ ಎಬ್ಬಿಸಿ ಉಸಿರೆಳೆಯಲು ಹೇಳುವುದು, ಕೆಳದವಡೆಯನ್ನು ಮುಂದಕ್ಕೆತ್ತಿ ಹಿಡಿಯುವುದು, ಆಮ್ಲಜನಕ ಹೆಚ್ಚಿಸುವುದು ಇಷ್ಟರಲ್ಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಕೊಳವೆಯನ್ನು ಹೊರತೆಗೆದು ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಾರೆ. ಇದನ್ನೆಲ್ಲ ಮಾಡಲು, ಇಳಿಯುತ್ತಿದೆ ಎಂದು ಮೊದಲು ಒಬ್ಬರು ಕಾಣಬೇಕಲ್ಲ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಮಾತನ್ನು ನಿಮ್ಮ ತಾಯಿಯವರಲ್ಲಿ ವಿಚಾರಿಸಿ. ನಿದ್ದೆಯಲ್ಲಿ ಗೊರಕೆ ಇದ್ದಕ್ಕಿದ್ದಂತೆ ನಿಂತು, ಕೆಲವು ಕ್ಷಣ ಉಸಿರೇ ಇಲ್ಲದಂತಾಗಿ, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುತ್ತಾರೆಯೇ? ಹೌದಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ರೋಗಿಗೆ ಸ್ವತಃ ತಿಳಿಯದ ಈ ಸಂಗತಿಯನ್ನು ಮನೆಯವರೇ ವೈದ್ಯರಿಗೆ ಹೇಳಬೇಕಾಗುತ್ತದೆ.

ಪ್ರಶ್ನೆ: ನನಗೆ 41 ವರ್ಷ, ಶ್ವಾಸಕೋಶದ ತೊಂದರೆ ಏನೂ ಇಲ್ಲ. ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಎಂಡೋಸ್ಕೋಪಿ) ಮಾಡುವಾಗ ಬೆರಳಿಗೆ ಹಾಕಿದ ಕ್ಲಿಪ್ 99 ತೋರಿಸುತ್ತಿತ್ತು. ಆದರೂ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು. ಬಿಲ್ ಹೆಚ್ಚಿಸಲೆಂದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲ, ಅದು ಮುನ್ನೆಚ್ಚರಿಕೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಶೇಕಡಾ 21. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 2ರಿಂದ 4 ಲೀಟರ್ ಹರಿಸಿದರೆ ಒಳಹೋಗುವ ಗಾಳಿಯಲ್ಲಿ ಅದು ಸುಮಾರು ಶೇಕಡಾ 28ರಿಂದ 36ಕ್ಕೆ ಏರುತ್ತದೆ. ನಲ್ಲಿ ನಿಲ್ಲುವ ಮೊದಲೇ ಹಂಡೆ ತುಂಬಿಸಿಟ್ಟುಕೊಂಡಂತೆ, ಉಸಿರು ಸ್ವಲ್ಪ ತಡೆದರೂ ದೇಹಕ್ಕೆ ಒಂದಷ್ಟು ಸಮಯ ದೊರೆಯುತ್ತದೆ.

ಆದರೆ ಹಂಡೆ ತುಂಬಿರುವ ಮನೆಯಲ್ಲಿ ನಲ್ಲಿ ನಿಂತದ್ದು ತಡವಾಗಿ ತಿಳಿಯುತ್ತದೆ. ಬೆರಳಿನ ಕ್ಲಿಪ್, ಅಂದರೆ ಪಲ್ಸ್ ಆಕ್ಸಿಮೀಟರ್, 1970ರ ದಶಕದಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ ಕಂಡುಕೊಂಡ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ರಕ್ತ ಎಷ್ಟು ಕೆಂಪು ಬೆಳಕನ್ನೂ ಎಷ್ಟು ಅತಿಗೆಂಪು ಬೆಳಕನ್ನೂ ಹೀರುತ್ತದೆ ಎಂಬುದನ್ನು ನಾಡಿಮಿಡಿತದೊಂದಿಗೆ ಅಳೆದು ಆಮ್ಲಜನಕದ ಮಟ್ಟವನ್ನು ಅದು ಹೇಳುತ್ತದೆ. ಉಸಿರು ಆಡುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಹೆಚ್ಚುವರಿ ಆಮ್ಲಜನಕ ಪಡೆಯುತ್ತಿರುವವರು ಉಸಿರಾಟ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು 98, 99 ಎಂದೇ ತೋರಿಸುತ್ತಿದ್ದು, 90ಕ್ಕಿಂತ ಕೆಳಗೆ ಬಂದ ಮೇಲೆ ಸರ್ರನೆ ಕುಸಿಯಬಹುದು.

ಈ ಕೊರತೆಯನ್ನು ತುಂಬುವುದು ಕ್ಯಾಪ್ನೋಗ್ರಫಿ. ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಅಳೆದು ಪ್ರತಿ ಉಸಿರನ್ನೂ ಪರದೆಯ ಮೇಲೆ ಒಂದು ಅಲೆಯಾಗಿ ತೋರಿಸುವುದರಿಂದ, ಉಸಿರು ನಿಂತ ಕೂಡಲೇ ಅಲೆ ಗೆರೆಯಾಗುತ್ತದೆ. ಈ ಸೌಲಭ್ಯ ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ಎದೆ ಮತ್ತು ಹೊಟ್ಟೆಯ ಏರಿಳಿತವನ್ನು ಕಣ್ಣಿಟ್ಟು ನೋಡುತ್ತಲೇ ಇರಬೇಕು. ಉಗುರುಬಣ್ಣ, ಮೆಹಂದಿ ಮತ್ತು ತಣ್ಣಗಾದ ಬೆರಳು ಕ್ಲಿಪ್ಪಿನ ಅಳತೆಯನ್ನು ಕೆಡಿಸಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದೂ ಉಂಟು.

ನಿಮಗೆ ಅನ್ವಯಿಸದಿದ್ದರೂ ಬೇರೆ ಓದುಗರಿಗಾಗಿ ಒಂದು ಮಾತು: ಬಹುಕಾಲ ಧೂಮಪಾನ ಮಾಡಿ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬಂದವರಿಗೆ ಆಮ್ಲಜನಕ ಅತಿಯಾದರೂ ತೊಂದರೆ. ಅವರಲ್ಲಿ ಇಂಗಾಲದ ಡೈ ಆಕ್ಸೈಡ್ ದೇಹದಲ್ಲಿ ಸೇರಿಕೊಳ್ಳಬಹುದಾದ್ದರಿಂದ ಸಾಮಾನ್ಯವಾಗಿ 88ರಿಂದ 92ರ ಮಟ್ಟವನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತಾರೆ.

ಪ್ರಶ್ನೆ: ಬೆಳಿಗ್ಗೆ 10ಕ್ಕೆ ಎಂಡೋಸ್ಕೋಪಿ. ಎದ್ದ ಕೂಡಲೇ ಅರ್ಧ ಲೋಟ ಕಾಫಿ ಕುಡಿಯಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಹಾಲು ಹಾಕಿದ ಕಾಫಿ ಬೇಡ. ಹಾಲು ಮತ್ತು ಲಘು ಆಹಾರ ಸೇವಿಸಿ ಕನಿಷ್ಠ 6 ಗಂಟೆ ಆಗಿರಬೇಕು, ಎಣ್ಣೆ ಜಿಡ್ಡಿನ ಊಟವಾದರೆ 8 ಗಂಟೆ. ಬರಿಯ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ನಿಮ್ಮ ಆಸ್ಪತ್ರೆ ಇನ್ನೂ ಕಟ್ಟುನಿಟ್ಟಾಗಿ ಹೇಳಿದ್ದರೆ ಅದನ್ನೇ ಪಾಲಿಸಿ. ಮಂಪರಿನಲ್ಲಿ ಕೆಮ್ಮುವ ಶಕ್ತಿ ಕುಂದಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದರೆ ಶ್ವಾಸಕೋಶಕ್ಕೆ ಇಳಿಯಬಹುದು. ತೂಕ ಇಳಿಸಲು ಅಥವಾ ಸಕ್ಕರೆ ಕಾಯಿಲೆಗೆ ಸೆಮಾಗ್ಲುಟೈಡ್‌ನಂಥ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಂಚಿತವಾಗಿಯೇ ತಿಳಿಸಿ, ಏಕೆಂದರೆ ಅದು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ.

ಪ್ರಶ್ನೆ: ಅತ್ತೆಯವರು ಪರೀಕ್ಷೆಯ ನಂತರ ವೈದ್ಯರ ಜೊತೆ ಚೆನ್ನಾಗಿಯೇ ಮಾತನಾಡಿದರು. ಮನೆಗೆ ಬಂದ ಮೇಲೆ ಒಂದು ಮಾತೂ ನೆನಪಿಲ್ಲ ಎನ್ನುತ್ತಾರೆ. ಮಿದುಳಿಗೆ ಏನಾದರೂ ಆಗಿರಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಅವರು ಉಳಿದಂತೆ ಎಂದಿನಂತಿದ್ದರೆ ಗಾಬರಿ ಬೇಡ. ಮಿಡಜೋಲಾಮ್ ಕೊಟ್ಟ ನಂತರದ ಕೆಲವು ಗಂಟೆಗಳ ನೆನಪು ಉಳಿಯದಿರುವುದು ಸಾಮಾನ್ಯ, ಆ ನೆನಪು ಮರಳಿ ಬರಬೇಕೆಂದೂ ಇಲ್ಲ. ವೈದ್ಯರು ಹೇಳಿದ್ದನ್ನು ಮನೆಯವರೊಬ್ಬರು ಜೊತೆಗಿದ್ದು ಕೇಳಿ ಬರೆದಿಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ. ಮಂಪರು ಪಡೆದವರು 24 ಗಂಟೆ ವಾಹನ ಓಡಿಸಬಾರದು, ಯಾವ ಮುಖ್ಯ ಕಾಗದಪತ್ರಕ್ಕೂ ಸಹಿ ಹಾಕಬಾರದು, ಆ ರಾತ್ರಿ ಒಬ್ಬರೇ ಇರಬಾರದು. ಉಸಿರಾಟಕ್ಕೆ ಕಷ್ಟ, ತೀವ್ರ ಎದೆನೋವು ಅಥವಾ ಹೊಟ್ಟೆನೋವು, ರಕ್ತವಾಂತಿ, ಜ್ವರ ಅಥವಾ ಎಬ್ಬಿಸಿದರೂ ಏಳದಂಥ ನಿದ್ದೆ ಕಂಡುಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.